ಮಂಡಿಯ ಲೆಕ್ಕಕ್ಕೆ ಒಂದೇ ರಾತ್ರಿಯಲ್ಲಿ ಬೀಗ ಬಿತ್ತು: ಬ್ಯಾಕಪ್ ಹೇಗಿಡಬೇಕು, ತಿಳಿದವರು ಹೇಳಿ

ಸಾಗರದ_ಮಂಡಿ · ಸೋಮವಾರ, ರಾತ್ರಿ 9:40

ನಮ್ಮದು ಸಾಗರದಲ್ಲಿ ಅಡಿಕೆ ಮಂಡಿ. ಅಪ್ಪಯ್ಯ ಮೂವತ್ತೊಂದು ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ. ಆರು ವರ್ಷದಿಂದ ಲೆಕ್ಕಪತ್ರವೆಲ್ಲ ನನ್ನ ಕೈಯಲ್ಲಿದೆ. ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದು ಕಂಪ್ಯೂಟರ್ ಹಾಕಿದರೆ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ತೆರೆದುಕೊಳ್ಳಲಿಲ್ಲ. ಫೋಲ್ಡರ್ ತೆಗೆದು ನೋಡಿದೆ. ಒಂದೊಂದು ಕಡತದ ಹೆಸರಿನ ಕೊನೆಗೂ ಅರ್ಥವಿಲ್ಲದ ಐದಾರು ಅಕ್ಷರಗಳು ಅಂಟಿಕೊಂಡಿದ್ದವು. ಎಲ್ಲ ಫೋಲ್ಡರಿನಲ್ಲೂ ಒಂದೇ ಒಕ್ಕಣೆಯ ಇಂಗ್ಲಿಷ್ ಚೀಟಿ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿಕೈ ಕಳಿಸುತ್ತೇವೆ.

ಬ್ಯಾಕಪ್ ಇರಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇತ್ತು. ಒಂದು ಟೆರಾಬೈಟಿನ ಪೋರ್ಟಬಲ್ ಡಿಸ್ಕ್ ತಂದು ಸಿಪಿಯು ಹಿಂದೆ ಸಿಕ್ಕಿಸಿದ್ದೆ. ದಿನಾ ಸಂಜೆ ಏಳಕ್ಕೆ ತಾನಾಗಿಯೇ ಪ್ರತಿ ಆಗುತ್ತಿತ್ತು. ಮೂರು ವರ್ಷ ಅದನ್ನು ಅಲ್ಲಿಂದ ಕೀಳಲೇ ಇಲ್ಲ. ಕಂಪ್ಯೂಟರಿಗೆ ಬೀಗ ಹಾಕಿದವರು ಅದೇ ರಾತ್ರಿ ಆ ಡಿಸ್ಕಿಗೂ ಹಾಕಿದ್ದರು.

ಹಣ ಕೊಡಲಿಲ್ಲ. ಮೂರು ವಾರ ಕೂತು ಲೆಕ್ಕವನ್ನು ಚೂರುಚೂರಾಗಿ ಹೆಕ್ಕಿ ತಂದೆವು. ಆಡಿಟರ್ ಕಚೇರಿಯಲ್ಲಿ ಸೆಪ್ಟೆಂಬರ್ ಕೊನೆಯವರೆಗಿನ ಟ್ಯಾಲಿ ಪ್ರತಿ ಸಿಕ್ಕಿತು. ಖರೀದಿದಾರರ ಬಿಲ್ಲುಗಳು ಜಿಎಸ್‌ಟಿ ಪೋರ್ಟಲಿನಲ್ಲಿ ನಾವೇ ಸಲ್ಲಿಸಿದ ವಿವರಗಳಲ್ಲಿ ಇದ್ದವು. ಬ್ಯಾಂಕಿನ ಸ್ಟೇಟ್‌ಮೆಂಟ್ ಇತ್ತು. ಎಲ್ಲಿಯೂ ಇಲ್ಲದ್ದು ರೈತರ ಮುಂಗಡ. ಅಡಿಕೆ ಗೊನೆ ತೆಗೆಸುವುದಕ್ಕೆ, ಸುಲಿಯುವ ಕೂಲಿಗೆ ಎಂದು ಅಕ್ಟೋಬರಿನಿಂದ ನಗದು ಕೊಟ್ಟಿರುತ್ತೇವೆ. ಮೊದಲು ಅದಕ್ಕೆ ಕಾರ್ಬನ್ ಹಾಕಿದ ಚೀಟಿ ಪುಸ್ತಕ ಇತ್ತು. ಡಿಸೆಂಬರಿನಲ್ಲಿ ಪುಸ್ತಕ ಮುಗಿದ ಮೇಲೆ ನಾನೇ "ಟ್ಯಾಲಿಯಲ್ಲಿ ಇದೆಯಲ್ಲ" ಎಂದು ಹೊಸದು ಮಾಡಿಸಲಿಲ್ಲ.

ತುಮರಿ ಕಡೆಯ ಹಿರಿಯರೊಬ್ಬರು ಸುದ್ದಿ ಕೇಳಿ ತಾವಾಗಿಯೇ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ಚೀಟಿ ಬಿಡಿಸಿ ಮೇಜಿನ ಮೇಲಿಟ್ಟರು. "ನವೆಂಬರಿನ ಇಪ್ಪತ್ತು ಸಾವಿರಕ್ಕೆ ಇದು ಚೀಟಿ. ಜನವರಿಯಲ್ಲಿ ಹದಿನೈದು ತೆಗೆದುಕೊಂಡಿದ್ದೇನೆ, ಅದಕ್ಕೆ ಚೀಟಿ ಇಲ್ಲ, ಬರೆದುಕೊಳ್ಳಿ" ಎಂದರು. ಅಪ್ಪಯ್ಯ ಅವರ ಮುಖ ನೋಡಲಾಗದೆ ಎದ್ದು ಒಳಗೆ ಹೋದರು.

ಇನ್ನೊಮ್ಮೆ ಹೀಗಾಗಬಾರದು. ನಮ್ಮಲ್ಲಿ ಎರಡು ಕಂಪ್ಯೂಟರ್ ಇವೆ, ಕಂಪ್ಯೂಟರ್ ಬಲ್ಲ ಆಳು ಇಲ್ಲ. ಹದಿನೈದು ಸಾವಿರದವರೆಗೆ ಖರ್ಚು ಮಾಡಬಹುದು. ಏನು ಮಾಡಬೇಕು?

ಹುಬ್ಬಳ್ಳಿ_ಡಿಸ್ಕ್_ರಿಪೇರಿ · ಸೋಮವಾರ, ರಾತ್ರಿ 10:25

ಅಕ್ಕಾ, ಬಹಳ ನೋವಾಯಿತು. ಹದಿನೆಂಟು ವರ್ಷದಿಂದ ಹಾರ್ಡ್ ಡಿಸ್ಕ್ ರಿಪೇರಿ ಮಾಡುತ್ತಿದ್ದೇನೆ. ಈಗೀಗ ನನ್ನ ಬಾಗಿಲಿಗೆ ಬರುವವರಲ್ಲಿ ನಿಮ್ಮ ಹಾಗೆ ಬೀಗ ಬಿದ್ದು ಬಂದವರೂ ಸೇರಿದ್ದಾರೆ. ಎರಡು ಮಾತು ಕೇಳಬೇಕು. ಬೀಗ ಬಿದ್ದ ಡಿಸ್ಕನ್ನು ಅಳಿಸಿಬಿಟ್ಟಿರಾ? ಮನೆಯಿಂದ ಕೂತು ಕೆಲಸ ಮಾಡಲು ಯಾರಿಗಾದರೂ ರಿಮೋಟ್ ಸಂಪರ್ಕ ಮಾಡಿಕೊಟ್ಟಿದ್ದಿರಾ?

ಅಳಿಸದೇ ಇದ್ದರೆ ಹಾಗೆಯೇ ತೆಗೆದಿಡಿ. ಯೂರೋಪೋಲ್ ಮತ್ತು ಡಚ್ ಪೊಲೀಸರು ಇನ್ನಿಬ್ಬರ ಜೊತೆ ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ಎಂಬ ಜಾಲತಾಣವಿದೆ. ಸಿಕ್ಕಿಬಿದ್ದ ಗುಂಪುಗಳ ಕೀಲಿಗಳನ್ನು ಅಲ್ಲಿ ಉಚಿತವಾಗಿ ಹಾಕುತ್ತಾರೆ. ಇಂದು ಇಲ್ಲದ ಕೀಲಿ ಎರಡು ವರ್ಷದ ಮೇಲೆ ಬಂದದ್ದೂ ಉಂಟು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿಲ್ಲವಾದರೆ ಈಗಲಾದರೂ ಕೊಡಿ.

ಸಾಗರದ_ಮಂಡಿ · ಸೋಮವಾರ, ರಾತ್ರಿ 10:50

ಅಳಿಸಿಲ್ಲ ಅಣ್ಣಾ, ಡಿಸ್ಕ್ ಬೀರುವಿನಲ್ಲಿದೆ. ದೂರು ಕೊಟ್ಟಿದ್ದೇವೆ. ರಿಮೋಟ್ ಇತ್ತು. ಗುಮಾಸ್ತರಿಗೆ ಹೆರಿಗೆ ರಜೆ ಇದ್ದಾಗ ಮನೆಯಿಂದ ನೋಡಿಕೊಳ್ಳಲಿ ಎಂದು ಸೇವೆಗೆ ಬರುವ ಹುಡುಗ ರೂಟರಿನಲ್ಲಿ ದಾರಿ ತೆರೆದುಕೊಟ್ಟಿದ್ದ. ರಜೆ ಮುಗಿದು ಒಂದೂವರೆ ವರ್ಷವಾಗಿತ್ತು, ದಾರಿ ಮುಚ್ಚಿರಲಿಲ್ಲ. ಪಾಸ್‌ವರ್ಡ್ ಮಂಡಿಯ ಹೆಸರೇ.

ಸರ್ವರ್_ಕಾವಲು_ಬೆಂಗಳೂರು · ಮಂಗಳವಾರ, ಬೆಳಿಗ್ಗೆ 6:15

ಹಾಗಾದರೆ ಅವರು ಬಂದ ದಾರಿ ಅದೇ ಇರಬೇಕು. ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಟ್ಟರೆ ಜಗತ್ತಿನ ಯಾವುದೋ ಮೂಲೆಯ ಯಂತ್ರ ಹಗಲು ರಾತ್ರಿ ಪಾಸ್‌ವರ್ಡ್ ಊಹಿಸುತ್ತಾ ಬಾಗಿಲು ಬಡಿಯುತ್ತಿರುತ್ತದೆ. ಬೇರೇನೂ ಮಾಡುವ ಮುಂಚೆ ರೂಟರಿನ ಆ ದಾರಿಯನ್ನು ಮುಚ್ಚಿಸಿ.

ಈಗ ಬ್ಯಾಕಪ್. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ 2005ರ ಹೊತ್ತಿಗೆ ಬಳಕೆಗೆ ತಂದ ಲೆಕ್ಕವೊಂದಿದೆ, 3-2-1 ಎನ್ನುತ್ತಾರೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಚಿತ್ರಗಳನ್ನು ಕಾಪಾಡಿಕೊಳ್ಳಲು ಹೊರಟವರ ಲೆಕ್ಕ ಅದು, ಇಂದು ಬ್ಯಾಂಕುಗಳೂ ಅದರ ಮೇಲೆ ನಡೆಯುತ್ತವೆ. ನಿಮ್ಮ ಡಿಸ್ಕ್ ಕಂಪ್ಯೂಟರಿನ ಬಗಲಲ್ಲೇ, ಸದಾ ಸಿಕ್ಕಿಸಿಕೊಂಡೇ ಇತ್ತು. ಕಂಪ್ಯೂಟರಿನೊಳಗಿನ ಡಿಸ್ಕ್ ಕೆಟ್ಟಿದ್ದರೆ ಅದು ನಿಮ್ಮನ್ನು ಉಳಿಸುತ್ತಿತ್ತು. ಕಳ್ಳ, ಸಿಡಿಲು, ನೀರು, ಬೀಗ ಹಾಕುವ ತಂತ್ರಾಂಶ, ಈ ನಾಲ್ಕರಲ್ಲಿ ಯಾವುದು ಬಂದರೂ ಎರಡನ್ನೂ ಒಟ್ಟಿಗೆ ಒಯ್ಯುತ್ತದೆ.

ಕಿತ್ತಿಟ್ಟ ಪ್ರತಿಗೆ ಎಷ್ಟು ಬೆಲೆ ಎಂಬುದಕ್ಕೆ ನಾನು ಕಿರಿಯರಿಗೆ ಸದಾ ಹೇಳುವ ಘಟನೆ ಒಂದಿದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕಡತ ನಾಶಮಾಡುವ ತಂತ್ರಾಂಶದ ದಾಳಿಯಾದಾಗ ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್ ತನ್ನ ಜಾಲದ ಹೃದಯದಂತಿದ್ದ ಡೊಮೇನ್ ಕಂಟ್ರೋಲರ್‌ಗಳನ್ನು ಕಳೆದುಕೊಂಡಿತು. ಅವು ಒಂದನ್ನೊಂದು ನೋಡಿ ಪ್ರತಿ ಮಾಡಿಕೊಳ್ಳುವಂತೆ ಇದ್ದುದರಿಂದ ಬೇರೆ ಬ್ಯಾಕಪ್ ಇರಲಿಲ್ಲ. ಒಂದಕ್ಕೆ ಬಂದ ಕೇಡು ಎಲ್ಲಕ್ಕೂ ಬಂತು. ಉಳಿದದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದೇ ಒಂದು. ಏಕೆ ಉಳಿಯಿತು ಗೊತ್ತೇ? ಆ ಹೊತ್ತಿನಲ್ಲಿ ಅಲ್ಲಿ ಕರೆಂಟ್ ಹೋಗಿತ್ತು. ಆ ಒಂದು ಪ್ರತಿಯಿಂದ ಜಾಲವನ್ನು ಮತ್ತೆ ಕಟ್ಟಿ, ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರುಗಳಿಗೆ ಹೊಸದಾಗಿ ಎಲ್ಲವನ್ನೂ ಹಾಕಿದರು. ಅಷ್ಟು ದೊಡ್ಡ ಸಂಸ್ಥೆಗೆ ಕರೆಂಟ್ ಹೋಗಿ ಸಿಕ್ಕಿದ್ದನ್ನು ನೀವು ದಿನಾ ಸಂಜೆ ವೈರ್ ಕಿತ್ತು ಪಡೆಯಬಹುದು.

ನಿಮಗೆ ನಾನು ಹೇಳುವುದು ಇಷ್ಟು. ಒಂದೊಂದು ಟೆರಾಬೈಟಿನ ಎರಡು ಡಿಸ್ಕ್ ತನ್ನಿ. ಒಂದಕ್ಕೆ ಕೆಂಪು ದಾರ ಕಟ್ಟಿ, ಇನ್ನೊಂದಕ್ಕೆ ಹಸಿರು. ಈ ವಾರ ಕೆಂಪಿನದು ಮಂಡಿಯಲ್ಲಿ, ಹಸಿರಿನದು ಮನೆಯಲ್ಲಿ. ಶನಿವಾರ ಅದಲು ಬದಲು. ಸಂಜೆ ಟ್ಯಾಲಿ ಮುಚ್ಚಿ, ಡಿಸ್ಕ್ ಸಿಕ್ಕಿಸಿ, ಪ್ರತಿ ಮಾಡಿ, ಕಿತ್ತು ಪೆಟ್ಟಿಗೆಗೆ ಹಾಕಿ. ಒಂದೇ ಪ್ರತಿಯ ಮೇಲೆ ದಿನಾ ಬರೆಯಬೇಡಿ, ತಾರೀಕಿನ ಹೆಸರಿನಲ್ಲಿ ಬೇರೆ ಬೇರೆ ಫೋಲ್ಡರ್ ಆಗಲಿ. ತಪ್ಪು ಇಂದು ಆಗಿ ಹತ್ತು ದಿನದ ಮೇಲೆ ಕಣ್ಣಿಗೆ ಬಿದ್ದರೆ ಹತ್ತು ದಿನದ ಹಿಂದಿನದೇ ಬೇಕಾಗುತ್ತದೆ. ಮೂರನೆಯದಾಗಿ, ಕ್ಲೌಡಿನಲ್ಲಿ ಒಂದು. ಅದರ ಬಗ್ಗೆ ಸಂಜೆ ಬರೆಯುತ್ತೇನೆ.

ಶಿರಸಿ_ಗ್ಯಾರೇಜ್ · ಮಂಗಳವಾರ, ಬೆಳಿಗ್ಗೆ 8:05

ಇಷ್ಟೆಲ್ಲ ಏಕೆ ಬೇಕು? ಎರಡು ಡಿಸ್ಕ್ ಹಾಕುವ ಪೆಟ್ಟಿಗೆ ಸಿಗುತ್ತದಲ್ಲ, ಎರಡರಲ್ಲೂ ಒಟ್ಟಿಗೆ ಬರೆಯುವ ಹಾಗೆ ರೇಡ್ ಮಾಡಿಟ್ಟರೆ ಒಂದು ಹೋದರೂ ಇನ್ನೊಂದು ಇರುತ್ತದೆ. ನಮ್ಮ ಗ್ಯಾರೇಜಿನ ಬಿಡಿಭಾಗದ ಲೆಕ್ಕ ನಾಲ್ಕು ವರ್ಷದಿಂದ ಅದರಲ್ಲೇ ಇದೆ.

ಸರ್ವರ್_ಕಾವಲು_ಬೆಂಗಳೂರು · ಮಂಗಳವಾರ, ಬೆಳಿಗ್ಗೆ 8:40

ರೇಡ್ ಒಳ್ಳೆಯದೇ ಸರ್, ಆದರೆ ಅದು ಬೇರೆ ಕೆಲಸಕ್ಕೆ ಹುಟ್ಟಿದ್ದು. ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು 1988ರಲ್ಲಿ ಅದನ್ನು ಮುಂದಿಟ್ಟಾಗ ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಸೇರಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವುದು ಉದ್ದೇಶವಾಗಿತ್ತು. ನೀವು ಒಂದು ಬಿಲ್ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಅದೇ ಕ್ಷಣದಲ್ಲಿ ಅಳಿಯುತ್ತದೆ. ಬೀಗ ಬಿದ್ದರೆ ಎರಡಕ್ಕೂ ಬೀಳುತ್ತದೆ. ನಿಮ್ಮ ಪೆಟ್ಟಿಗೆ ಇರಲಿ, ಅದರ ಹೊರಗೆ ಇನ್ನೊಂದು ಪ್ರತಿ ಇಡಿ. ಇಂದೇ ಇಡಿ ಎಂದು ಕೇಳಿಕೊಳ್ಳುತ್ತೇನೆ.

ಲೆಕ್ಕದ_ಮನೆ_ಮೈಸೂರು · ಮಂಗಳವಾರ, ಮಧ್ಯಾಹ್ನ 1:30

ನಾನು ಚಾರ್ಟರ್ಡ್ ಅಕೌಂಟೆಂಟ್. ಕಾನೂನಿನ ಕಡೆಯಿಂದ ಒಂದೆರಡು ಮಾತು, ಏಕೆಂದರೆ "ನಮ್ಮ ಡೇಟಾ, ಹೋದರೆ ನಮಗೇ ನಷ್ಟ" ಎಂದು ಅನೇಕರು ತಿಳಿದಿದ್ದಾರೆ.

ಜಿಎಸ್‌ಟಿ ಕಾಯಿದೆಯ 36ನೇ ಸೆಕ್ಷನ್ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಉಳಿಸಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರಿಗೆ 57ನೇ ನಿಯಮ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಸಮಂಜಸವಾದ ಅವಧಿಯೊಳಗೆ ಮತ್ತೆ ತರಲು ಆಗುವಂತೆ ಬ್ಯಾಕಪ್ ಇರಬೇಕು. ಮಂಡಿ ಅಂಗಡಿಗಳಂತಹ ಸ್ವಂತ ವ್ಯವಹಾರಕ್ಕೂ ಇದು ಅನ್ವಯಿಸುತ್ತದೆ. ಕಂಪನಿಯಾಗಿ ನೋಂದಣಿ ಆಗಿದ್ದರೆ ಹೊರೆ ಹೆಚ್ಚು. ಕಂಪನಿ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟಿನಲ್ಲಿ ಆದ ತಿದ್ದುಪಡಿಯ ನಂತರ ಲೆಕ್ಕದ ಬ್ಯಾಕಪ್ ದಿನವೂ ಆಗಬೇಕು, ಅದು ಭಾರತದೊಳಗೇ ಇರುವ ಸರ್ವರಿನಲ್ಲಿ ಇರಬೇಕು. ಲೆಕ್ಕ ಪುಸ್ತಕಗಳನ್ನು ಎಂಟು ವರ್ಷ ಇಡಬೇಕು.

ಸಾಗರದವರು ಆಡಿಟರ್ ಕಚೇರಿಯ ಪ್ರತಿಯಿಂದ ಬಚಾವಾದರು. ನಮ್ಮ ಕಚೇರಿಯಲ್ಲಿ ಕಕ್ಷಿದಾರರ ಪ್ರತಿ ವರ್ಷಕ್ಕೊಮ್ಮೆ ಬರುತ್ತದೆ, ಅದನ್ನು ಬ್ಯಾಕಪ್ ಎಂದು ನಂಬಬೇಡಿ. ಇನ್ನೊಂದು ಎಚ್ಚರಿಕೆ. ಟ್ಯಾಲಿಯ ಡೇಟಾಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ ಕಂಪನಿಯ ಪಾಸ್‌ವರ್ಡ್ ಮರೆತರೆ ಟ್ಯಾಲಿಯವರೂ ತೆರೆಯಲಾರರು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಬ್ಯಾಕಪ್ ಡಿಸ್ಕ್ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತದ್ದನ್ನು ಕಂಡಿದ್ದೇನೆ. ಡಿಸ್ಕ್ ಚೆನ್ನಾಗಿತ್ತು, ಒಳಗಿನ ಕಡತಗಳೂ ಚೆನ್ನಾಗಿದ್ದವು, ಪಾಸ್‌ವರ್ಡ್ ಅವರ ಜೊತೆಗೇ ಹೋಗಿತ್ತು. ಅದನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿ ಮನೆಯ ತಿಜೋರಿಯಲ್ಲಿಡಿ.

ದಾವಣಗೆರೆ_ಕಿರಾಣಿ · ಮಂಗಳವಾರ, ಸಂಜೆ 5:10

ನನಗೆ ಅರವತ್ತೆಂಟು ವರ್ಷ. ಸಗಟು ಕಿರಾಣಿ ವ್ಯಾಪಾರ. ಈಗಲೂ ಕಿರ್ದಿ ಕೈಯಲ್ಲೇ ಬರೆಯುತ್ತೇನೆ, ಕಂಪ್ಯೂಟರಿಗೆ ಹುಡುಗರು ಏರಿಸುತ್ತಾರೆ. ತಂಗಿಯ ಬರಹದಲ್ಲಿ ನನಗೆ ಕಂಡದ್ದು ಬೇರೆ. ಅವರ ಲೆಕ್ಕ ಉಳಿದದ್ದು ರೈತರ ಕೈಯಲ್ಲಿದ್ದ ಚೀಟಿಗಳಿಂದ. ಕಾರ್ಬನ್ ಪುಸ್ತಕ ಬಿಟ್ಟ ದಿನವೇ ಅವರು ಅರ್ಧ ಕಳೆದುಕೊಂಡಿದ್ದರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಇಂಥದೇ ದಾಳಿಯಾದಾಗ ಸುಮಾರು ಎರಡು ವಾರ ಹೊರರೋಗಿ ಚೀಟಿಯಿಂದ ಹಿಡಿದು ರಕ್ತಪರೀಕ್ಷೆಯವರೆಗೆ ಎಲ್ಲವನ್ನೂ ಕೈಯಲ್ಲಿ ಬರೆದು ನಡೆಸಿದರಲ್ಲವೇ? ಕಾಗದವನ್ನು ಬಿಡಬೇಡಿ ತಂಗೀ. ಸಾವಿರ ರೂಪಾಯಿಯೊಳಗೆ ಪುಸ್ತಕ ಬರುತ್ತದೆ.

ಸರ್ವರ್_ಕಾವಲು_ಬೆಂಗಳೂರು · ಮಂಗಳವಾರ, ರಾತ್ರಿ 9:00

ಹಿರಿಯರ ಮಾತನ್ನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ನಗದು ಕೈ ಬದಲಾಗುವ ಕಡೆ ಕಾರ್ಬನ್ ಚೀಟಿ ಇರಲೇಬೇಕು, ಅದರ ಒಂದು ಪ್ರತಿ ನಿಮ್ಮ ಕಟ್ಟಡದ ಹೊರಗೆ, ರೈತನ ಮನೆಯಲ್ಲಿರುತ್ತದೆ. ಒಪ್ಪದಿರುವುದು ಒಂದೇ: ಮಲೆನಾಡಿನ ಮಳೆಯಲ್ಲಿ ಕಾಗದಕ್ಕೂ ಆಯುಷ್ಯ ಕಡಿಮೆ, ನೂರಾರು ರೈತರ ಖಾತೆಯನ್ನು ಕಾಗದದಿಂದ ಮತ್ತೆ ಕಟ್ಟುವುದಕ್ಕೆ ಎಷ್ಟು ದಿನ ಬೇಕು ಎಂಬುದನ್ನು ಸಾಗರದವರು ಈಗಾಗಲೇ ಅನುಭವಿಸಿದ್ದಾರೆ.

ಇಲ್ಲಿಗೆ ಎರಡು ಪ್ರಶ್ನೆ ಬರುತ್ತವೆ. ಅಪ್ಪಯ್ಯನವರ ಜೊತೆ ಕೂತು ಉತ್ತರ ಬರೆದುಕೊಳ್ಳಿ. ಎಷ್ಟು ಹೊತ್ತಿನ ಬರವಣಿಗೆ ಹೋದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತಿನೊಳಗೆ ಮಂಡಿ ಮತ್ತೆ ನಡೆಯಬೇಕು? ಅಡಿಕೆಯ ಬೆಲೆ ನಿಗದಿಯಾಗುವ ಟೆಂಡರ್ ಇರುವ ದಿನ ಬಿಟ್ಟರೆ ಒಂದು ದಿನದ ಬರವಣಿಗೆಯನ್ನು ಚೀಟಿ ನೋಡಿ ಮತ್ತೆ ಏರಿಸಬಹುದು ಎಂದಾದರೆ ದಿನಕ್ಕೊಂದು ಬ್ಯಾಕಪ್ ಸಾಕು. ಟೆಂಡರ್ ದಿನ ಮಧ್ಯಾಹ್ನವೂ ಒಂದು ತೆಗೆಯಿರಿ. ನಾನು ಕೆಲಸ ಮಾಡುವ ಕಡೆ ಈ ಎರಡು ಉತ್ತರ ಸಿಗುವವರೆಗೆ ಒಂದು ಡಿಸ್ಕನ್ನೂ ಕೊಳ್ಳುವುದಿಲ್ಲ.

ಕ್ಲೌಡ್ ವಿಷಯ. ಗೂಗಲ್ ಡ್ರೈವನ್ನು ಕಂಪ್ಯೂಟರಿನಲ್ಲಿ ಫೋಲ್ಡರ್ ಹಾಗೆ ಕೂಡಿಸಿಕೊಳ್ಳುವುದು ಹೊಂದಾಣಿಕೆ (ಸಿಂಕ್) ಅಷ್ಟೇ, ಬ್ಯಾಕಪ್ ಅಲ್ಲ. ಇಲ್ಲಿ ಬದಲಾದದ್ದು ಅಲ್ಲಿ ಬದಲಾಗುತ್ತದೆ, ಇಲ್ಲಿ ಬೀಗ ಬಿದ್ದ ಕಡತ ಅಲ್ಲಿಗೂ ಏರುತ್ತದೆ. ಹಳೆಯ ಆವೃತ್ತಿಗಳು ಮೂವತ್ತು ದಿನ ಇರುತ್ತವೆ, ಅಳಿಸಿದ ಕಡತ ಮೂವತ್ತು ದಿನ ಕಸದಬುಟ್ಟಿಯಲ್ಲಿ (ಟ್ರ್ಯಾಶ್) ಇರುತ್ತದೆ. ಅಷ್ಟರೊಳಗೆ ಗೊತ್ತಾದರೆ ಸರಿ. ನೀವು ಹೀಗೆ ಮಾಡಿ: ಮಂಡಿಯ ಕಂಪ್ಯೂಟರಿನಲ್ಲಿ ಎಂದೂ ಲಾಗಿನ್ ಆಗದ ಬೇರೆ ಖಾತೆ ತೆರೆಯಿರಿ, ಎರಡು ಹಂತದ ಪರಿಶೀಲನೆ ಹಾಕಿ, ವಾರಕ್ಕೊಮ್ಮೆ ಮನೆಯ ಲ್ಯಾಪ್‌ಟಾಪಿನಿಂದ, ಡಿಸ್ಕಿನಲ್ಲಿರುವ ಪ್ರತಿಯನ್ನು ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿ ಏರಿಸಿ. ಮುಂದೆ ವ್ಯವಹಾರ ಬೆಳೆದರೆ ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದ ಹಾಗೆ ಬೀಗ ಹಾಕಿಡುವ ಸಂಗ್ರಹ ಬಾಡಿಗೆಗೆ ಸಿಗುತ್ತದೆ, ಮಾಲೀಕರಾದ ನೀವೇ ಬಂದರೂ ಅವಧಿ ಮುಗಿಯುವ ಮುನ್ನ ಅಳಿಸಲು ಬಿಡುವುದಿಲ್ಲ.

ಕೊರಿಯಾ_ಕನ್ನಡಿಗ · ಬುಧವಾರ, ಬೆಳಿಗ್ಗೆ 7:20

ಕೆಲಸದ ನಿಮಿತ್ತ ದಕ್ಷಿಣ ಕೊರಿಯಾದಲ್ಲಿದ್ದೇನೆ. "ದೊಡ್ಡವರ ಹತ್ತಿರ ಇಟ್ಟಿದ್ದೇವೆ, ಅವರು ನೋಡಿಕೊಳ್ಳುತ್ತಾರೆ" ಎಂಬ ನಂಬಿಕೆಗೆ ಇಲ್ಲಿ ಆದದ್ದನ್ನು ಹೇಳಬೇಕು. 2025ರ ಸೆಪ್ಟೆಂಬರ್ 26ರಂದು ಡೇಜನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳನ್ನು ಸರ್ವರ್ ಕೋಣೆಯಿಂದ ಬೇರೆಡೆಗೆ ಸಾಗಿಸುವ ಕೆಲಸ ನಡೆದಿತ್ತು, ಆಗಲೇ ಹೊತ್ತಿಕೊಂಡಿತು. ಸರಕಾರಿ ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್' ಎಂಬ ಸಂಗ್ರಹ ಪೂರ್ತಿ ಸುಟ್ಟುಹೋಯಿತು, 858 ಟೆರಾಬೈಟ್. ಗಾತ್ರ ಬಹಳ ದೊಡ್ಡದು ಎಂಬ ಕಾರಣಕ್ಕೆ ಹೊರಗೆ ಎಲ್ಲಿಯೂ ಅದರ ಬ್ಯಾಕಪ್ ಇರಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಕಡತ ಇಟ್ಟುಕೊಳ್ಳಬೇಡಿ, ಅಲ್ಲೇ ಇಡಿ ಎಂದು ನೌಕರರಿಗೆ ಸೂಚನೆ ಇತ್ತು. ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದವರೇ ಹೆಚ್ಚು ಕಳೆದುಕೊಂಡರು. ಮರುದಿನ ಊಟದ ಮನೆಯಲ್ಲಿ ಎಲ್ಲರದೂ ಇದೇ ಮಾತು.

ಸರ್ವರ್_ಕಾವಲು_ಬೆಂಗಳೂರು · ಬುಧವಾರ, ಬೆಳಿಗ್ಗೆ 7:45

ಇದಕ್ಕೆ ಎದುರಿನದೊಂದು ಇದೆ. 2024ರ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಖಾಸಗಿ ಕ್ಲೌಡ್ ವ್ಯವಸ್ಥೆ ಗೂಗಲ್ ಕಡೆಯ ಒಂದು ತಪ್ಪು ಸೆಟ್ಟಿಂಗಿನಿಂದ ಅಳಿದುಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಪಿಂಚಣಿ ಹಣದ ಲೆಕ್ಕ. ಅವರು ಇನ್ನೊಂದು ಕಂಪನಿಯ ಬಳಿ ಬೇರೆ ಪ್ರತಿ ಇಟ್ಟಿದ್ದರು, ಮತ್ತೆ ಎದ್ದು ನಿಂತರು.

ಗದಗ_ಮುದ್ರಣ · ಬುಧವಾರ, ಬೆಳಿಗ್ಗೆ 11:00

ನಮ್ಮದು ಮುದ್ರಣಾಲಯ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ. ಡೇಟಾ ಕಳೆದುಹೋಗುವುದು ಅಂದರೆ ಡಿಸ್ಕ್ ಕೆಡುವುದು, ಅಳಿಯುವುದು, ಬೀಗ ಬೀಳುವುದು ಎಂದೇ ಎಲ್ಲರೂ ಬರೆಯುತ್ತಿದ್ದೀರಿ. ನಾನು ಬೇರೆ ರೀತಿ ಕಳೆದುಕೊಂಡೆ. 2004ರಿಂದ ಇಪ್ಪತ್ತು ವರ್ಷದ ಕೆಲಸ ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ, 'ನುಡಿ' ಮತ್ತು 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಇದೆ. ಡಿವಿಡಿಗಳ ಮೇಲೆ ಬೂಷ್ಟು ಬಂದದ್ದು ಕೆಲವಷ್ಟೇ, ಉಳಿದವು ಓದುತ್ತವೆ. ಹೊಸ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ನಡೆಯುವುದಿಲ್ಲ. ಹೇಗೋ ತೆರೆದರೂ ಆ ಫಾಂಟ್ ಇಲ್ಲದಿದ್ದರೆ "ಶ್ರೀಮತಿ" ಇದ್ದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳ ಸಾಲು ಬರುತ್ತದೆ. ಒಂದು ಸಂಘದವರು ತಮ್ಮ ಶತಮಾನೋತ್ಸವಕ್ಕೆ ಹಳೆಯ ವರದಿ ಕೇಳಿಕೊಂಡು ಬಂದಾಗ ಇಡೀ ದಿನ ಇದೇ ಸಾಲುಗಳನ್ನು ನೋಡುತ್ತಾ ಕೂತೆ.

ಒಂದು ಹಳೆಯ ಕಂಪ್ಯೂಟರನ್ನು ಅದಕ್ಕೆಂದೇ ಉಳಿಸಿಕೊಂಡು ಈಗ ಒಂದೊಂದನ್ನೇ ತೆರೆದು ಎರಡು ಪ್ರತಿ ಮಾಡುತ್ತಿದ್ದೇನೆ: ಕಣ್ಣಿಗೆ ಕಂಡಂತೆಯೇ ಪಿಡಿಎಫ್, ಜೊತೆಗೆ ಪಠ್ಯವನ್ನು ಪರಿವರ್ತಕದಿಂದ, ಬೇರೆ ಫಾಂಟ್ ಇದ್ದರೂ ಓದಬಹುದಾದ ಯೂನಿಕೋಡಿಗೆ. ಪರಿವರ್ತಕದಲ್ಲಿ ಒತ್ತಕ್ಷರ, ಅರ್ಕಾವತ್ತು ಆಗಾಗ ತಪ್ಪುತ್ತವೆ, ಹೆಸರುಗಳನ್ನು ಕೈಯಿಂದ ತಿದ್ದಬೇಕು. ಮುನ್ನೂರು ಕೆಲಸ ಮುಗಿದಿದೆ, ಇನ್ನೂ ಬಹಳ ಇದೆ. ಮಂಡಿಯವರೇ, ನಿಮ್ಮ ಟ್ಯಾಲಿಯಿಂದ ವರ್ಷದ ಕೊನೆಗೆ ಎಲ್ಲ ಖಾತೆಗಳನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದೊಂದು ದಿನ ಟ್ಯಾಲಿಯೇ ಇಲ್ಲದ ಕಂಪ್ಯೂಟರಿನಲ್ಲೂ ಅದು ತೆರೆಯುತ್ತದೆ.

ಹುಬ್ಬಳ್ಳಿ_ಡಿಸ್ಕ್_ರಿಪೇರಿ · ಬುಧವಾರ, ರಾತ್ರಿ 9:30

ಗದಗದ ಅಣ್ಣನವರ ಮಾತು ನನಗೆ ಹೊಸದು, ಮನಸ್ಸಿಗೆ ನಾಟಿತು. ನನ್ನ ಕಸುಬಿನ ಮಾತನ್ನೂ ಹೇಳಿಬಿಡುತ್ತೇನೆ, ಎರಡು ಡಿಸ್ಕ್ ಕೊಳ್ಳಲು ಹೊರಟವರಿಗೆ ಬೇಕಾಗುತ್ತದೆ.

ತಿರುಗುವ ಹಾರ್ಡ್ ಡಿಸ್ಕಿನೊಳಗೆ ಓದುವ ಮುಳ್ಳು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಕೂದಲೆಳೆಯ ದಪ್ಪ ಅದರ ಸಾವಿರಾರು ಪಟ್ಟು. ತಿರುಗುತ್ತಿರುವಾಗ ಮೇಜಿನಿಂದ ಬಿದ್ದರೆ ಮುಳ್ಳು ತಟ್ಟೆಯನ್ನು ಗೀರುತ್ತದೆ. ಆಮೇಲೆ ಕಟ್ ಕಟ್ ಎಂಬ ಸದ್ದು. ಆ ಸದ್ದು ಕೇಳಿದ ಕೂಡಲೇ ವೈರ್ ಕೀಳಿ. ಜನ ಏನು ಮಾಡುತ್ತಾರೆ ಎಂದರೆ, ಇನ್ನೊಂದು ಸಲ ಹಾಕಿ ನೋಡೋಣ ಎಂದು ಹತ್ತು ಸಲ ಹಾಕುತ್ತಾರೆ, ವಿಂಡೋಸ್ ಕೇಳಿದ ರಿಪೇರಿಗೆ ಹೂಂ ಅನ್ನುತ್ತಾರೆ. ಮೊದಲ ಸದ್ದು ಬಂದಾಗ ತೆಗೆಯಬಹುದಾಗಿದ್ದ ಡೇಟಾ ನನ್ನ ಮೇಜಿಗೆ ಬರುವಷ್ಟರಲ್ಲಿ ಪುಡಿಯಾಗಿರುತ್ತದೆ. ಮೊನ್ನೆ ಬಂದ ಒಂದು ಡಿಸ್ಕಿನ ಮುಚ್ಚಳ ತೆಗೆದಾಗ ತಟ್ಟೆಯ ಅಂಚಿನಲ್ಲಿ ಬಳೆಯಂತೆ ಒಂದು ಸುತ್ತು ಸವೆದು ಕೆಳಗಿನ ಗಾಜು ಕಾಣುತ್ತಿತ್ತು. ಒಳಗಿನ ಗಾಳಿ ಸೋಸುವ ಶೋಧಕದ ಮೇಲೆಲ್ಲ ಕಪ್ಪು ಪುಡಿ. ಒಂದು ಶಾಲೆಯ ಹನ್ನೆರಡು ವರ್ಷದ ಫೋಟೋಗಳು ಆ ಪುಡಿಯಲ್ಲಿದ್ದವು. ಅವರಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಆ ದಿನ ಸಂಜೆಯವರೆಗೆ ಫೋನ್ ಮಾಡಲಿಲ್ಲ.

ಮುನ್ಸೂಚನೆ ಇರುತ್ತದೆ, ಆದರೆ ಅದನ್ನೇ ನಂಬುವಂತಿಲ್ಲ. ಗೂಗಲ್‌ನವರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಬರೆದ ವರದಿಯಲ್ಲಿ, ಓದುವ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು ಎಂದಿದೆ. ಅದೇ ವರದಿಯಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಹೋದವು ಎಂದೂ ಇದೆ.

ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್. ಅದು ವೇಗ, ಬಿದ್ದರೂ ತಾಳಿಕೊಳ್ಳುತ್ತದೆ. ಕೆಟ್ಟಾಗ ಮಾತ್ರ ಸದ್ದಿಲ್ಲದೆ ಒಮ್ಮೆಲೇ ಹೋಗುತ್ತದೆ, ಅಳಿಸಿದ್ದನ್ನು ಮರಳಿ ತರುವುದು ಬಹುಮಟ್ಟಿಗೆ ಆಗದ ಮಾತು. ಅದರಲ್ಲಿ ಡೇಟಾ ಇರುವುದು ವಿದ್ಯುದಂಶವಾಗಿ, ಕರೆಂಟ್ ಕೊಡದೆ ಬಹಳ ಕಾಲ ಇಟ್ಟರೆ ಸೋರುತ್ತದೆ. ಪೂರ್ತಿ ಸವೆಯುವವರೆಗೆ ಬಳಸಿದ ಸಾಧಾರಣ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ಹಿಡಿದಿಟ್ಟುಕೊಂಡರೆ ಸಾಕು ಎಂಬುದು ಆ ಉದ್ಯಮದ ಮಾನದಂಡ. ಹಾಗಾಗಿ ಬೀರುವಿನಲ್ಲಿ ಇಡುವುದಕ್ಕೆ ತಿರುಗುವ ಡಿಸ್ಕೇ ತನ್ನಿ, ದಿನದ ಕೆಲಸಕ್ಕೆ ಎಸ್‌ಎಸ್‌ಡಿ ಇರಲಿ. ಬ್ಯಾಕಪ್ಪಿನ ಎರಡು ಡಿಸ್ಕನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಳ್ಳಬೇಡಿ, ಒಂದೇ ತಯಾರಿಯವು ಒಂದೇ ಸಮಯಕ್ಕೆ ಕೈಕೊಡುವುದನ್ನು ಕಂಡಿದ್ದೇನೆ. ಪೆನ್‌ಡ್ರೈವ್ ಸಾಗಿಸುವುದಕ್ಕೆ, ಇಡುವುದಕ್ಕಲ್ಲ. ಮಲೆನಾಡಿನಲ್ಲಿ ಡಿಸ್ಕಿನ ಪೆಟ್ಟಿಗೆಗೆ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ. ಏಪ್ರಿಲ್ ಮೇನಲ್ಲಿ ಗುಡುಗು ಶುರುವಾದರೆ ಪ್ಲಗ್ ಕೀಳುವುದು ನಿಮಗೇ ಗೊತ್ತು. ಇಂಟರ್ನೆಟ್ ತಂತಿಯನ್ನೂ ಕೀಳಿ, ಸಿಡಿಲು ಅದರಿಂದಲೂ ಒಳಗೆ ಬರುತ್ತದೆ.

ಶಿರಸಿ_ಗ್ಯಾರೇಜ್ · ಗುರುವಾರ, ಬೆಳಿಗ್ಗೆ 7:50

ನಿನ್ನೆ ಡಿಸ್ಕ್ ತಂದೆ. ಹೊರಗೊಂದು ಪ್ರತಿ ಆಯಿತು. ಬೆಂಗಳೂರಿನವರಿಗೆ ಧನ್ಯವಾದ. "ಬ್ಯಾಕಪ್ ಯಶಸ್ವಿ" ಎಂದು ಬಂತು, ಇನ್ನು ನಿಶ್ಚಿಂತೆಯೇ?

ಸರ್ವರ್_ಕಾವಲು_ಬೆಂಗಳೂರು · ಗುರುವಾರ, ರಾತ್ರಿ 10:10

ಇಲ್ಲ ಸರ್. ಆ ಒಂದು ಸಾಲಿನ ಸಂದೇಶದ ಮೇಲೆ ಇಡೀ ಗ್ಯಾರೇಜಿನ ಭಾರ ಹಾಕಬೇಡಿ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ, ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಳ್ಳುವ ಸಂಸ್ಥೆಯ ಎಂಜಿನಿಯರೊಬ್ಬರು ತಡರಾತ್ರಿಯ ಆಯಾಸದಲ್ಲಿ, ಬೇರೆ ಸರ್ವರ್ ಎಂದುಕೊಂಡು ಮುಖ್ಯ ದತ್ತಸಂಚಯವನ್ನೇ ಅಳಿಸಿದರು. ಸುಮಾರು 300 ಗಿಗಾಬೈಟ್. ಎರಡನೆಯ ಸೆಕೆಂಡಿಗೆ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಉಳಿದದ್ದು ನಾಲ್ಕೂವರೆ. ಅವರಲ್ಲಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು. ಒಂದೊಂದನ್ನೇ ತೆರೆದು ನೋಡಿದರೆ ದಿನದ ಪ್ರತಿ ತೆಗೆಯುವ ತಂತ್ರಾಂಶದ ಆವೃತ್ತಿ ಹಳೆಯದು, ದತ್ತಸಂಚಯದ್ದು ಹೊಸದು, ಹೊಂದದೆ ಪ್ರತಿ ತೆಗೆಯುವುದೇ ನಿಂತುಹೋಗಿತ್ತು. ನಿಂತಿದೆ ಎಂದು ಎಚ್ಚರಿಸುವ ಮಿಂಚಂಚೆಗಳು ಅಂಚೆ ಸರ್ವರಿನಲ್ಲೇ ತಿರಸ್ಕೃತವಾಗುತ್ತಿದ್ದವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆದರು, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರ ತೋರಿಸಿದರು. ಆ ಬರಹವನ್ನು ಓದಿದ ಮೇಲೆ ನಾನು ಕೆಲಸ ಮಾಡುವ ರೀತಿ ಬದಲಾಯಿತು. ತಿಂಗಳ ಮೊದಲ ಭಾನುವಾರ ಯಾವುದಾದರೂ ಒಂದು ಬ್ಯಾಕಪನ್ನು ಎತ್ತಿ, ಖಾಲಿ ಯಂತ್ರಕ್ಕೆ ಇಳಿಸಿ, ತೆರೆದು, ಒಳಗಿನ ಒಂದು ಅಂಕಿಯನ್ನು ನಿಜದ ಜೊತೆ ತಾಳೆ ನೋಡುತ್ತೇನೆ.

ನೀವೂ ಅದನ್ನೇ ಮಾಡಿ. ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಸಾಗರದವರೇ, ನೀವೂ ಮಾಡಿ ನೋಡಿ ಇಲ್ಲಿ ಬರೆಯುತ್ತೀರಾ?

ಸಾಗರದ_ಮಂಡಿ · ಐದು ವಾರದ ನಂತರ, ಭಾನುವಾರ, ರಾತ್ರಿ 8:15

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಂಗಾಮಿನ ಕೊನೆ, ವರ್ಷದ ಲೆಕ್ಕ ಎರಡೂ ಒಟ್ಟಿಗೆ ಬಂದವು.

ರೂಟರಿನ ದಾರಿ ಮುಚ್ಚಿಸಿದೆ. ದಿನದ ಕೆಲಸಕ್ಕೆ ಅಧಿಕಾರ ಕಡಿಮೆ ಇರುವ ಬೇರೆ ಬಳಕೆದಾರ ಖಾತೆ ಮಾಡಿಸಿದೆ. ಡಿಸ್ಕ್ ಒಂದನ್ನು ಇಲ್ಲಿ, ಒಂದನ್ನು ಶಿವಮೊಗ್ಗದಲ್ಲಿ ಕೊಂಡೆ. ಕೆಂಪು ದಾರ, ಹಸಿರು ದಾರ ಕಟ್ಟಿದೆ. ಕಾರ್ಬನ್ ಪುಸ್ತಕ ಹತ್ತು ಮಾಡಿಸಿದೆವು, ದಾವಣಗೆರೆಯ ಹಿರಿಯರಿಗೆ ಅಪ್ಪಯ್ಯ ನಮಸ್ಕಾರ ತಿಳಿಸಲು ಹೇಳಿದ್ದಾರೆ.

ಕಳೆದ ಭಾನುವಾರ ತಮ್ಮನ ಹಳೆಯ ಲ್ಯಾಪ್‌ಟಾಪಿಗೆ ಟ್ಯಾಲಿ ಹಾಕಿ ಬ್ಯಾಕಪ್ ಇಳಿಸಿದೆ. ಕಂಪನಿ ತೆರೆಯಿತು. ಖುಷಿಯಾಯಿತು. ದಿನದ ಪುಸ್ತಕಕ್ಕೆ ಹೋದರೆ ಕೊನೆಯ ನಮೂದು ಮಾರ್ಚ್ 27ರದ್ದು. ಏಪ್ರಿಲಿನ ಒಂದು ಸಾಲೂ ಇಲ್ಲ. ಕೈಕಾಲು ತಣ್ಣಗಾದವು. ಡಿಸ್ಕಿನಲ್ಲಿ ದಿನಕ್ಕೊಂದರಂತೆ ತಾರೀಕಿನ ಫೋಲ್ಡರ್ ಸಾಲಾಗಿ ಇದ್ದವು, ಪ್ರತಿ ಸಂಜೆ ಯಶಸ್ವಿ ಎಂದೇ ಬರುತ್ತಿತ್ತು. ಹುಡುಕಿದಾಗ ತಿಳಿಯಿತು. ಮಾರ್ಚ್ 28ರಂದು ಎರಡನೆಯ ಕಂಪ್ಯೂಟರಿಗೂ ಟ್ಯಾಲಿ ಕಾಣಲಿ ಎಂದು ಡೇಟಾವನ್ನು ಇನ್ನೊಂದು ಡ್ರೈವಿಗೆ ಬದಲಾಯಿಸಿದ್ದೆವು. ಪ್ರತಿ ಮಾಡುವ ವ್ಯವಸ್ಥೆಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಹಳೆಯ ಫೋಲ್ಡರನ್ನೇ ದಿನಾ ಸಂಜೆ ನಿಷ್ಠೆಯಿಂದ ಹೊತ್ತು ತರುತ್ತಿತ್ತು. ಈ ಪರೀಕ್ಷೆ ಮಾಡದೇ ಇದ್ದಿದ್ದರೆ ಮುಂದಿನ ಸಿಡಿಲಿಗೋ ಕಳ್ಳನಿಗೋ ಸಿಕ್ಕಾಗಲೇ ನಮಗೆ ಗೊತ್ತಾಗುತ್ತಿದ್ದದ್ದು.

ಪ್ರತಿ ಮಾಡುವ ವ್ಯವಸ್ಥೆಗೆ ಹೊಸ ಡ್ರೈವಿನ ದಾರಿ ತೋರಿಸಿ ಇಂದು ಮತ್ತೆ ಇಳಿಸಿದೆ. ಅಪ್ಪಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಯಾರ ಖಾತೆ ನೋಡೋಣ ಎಂದು ಕೇಳಿದೆ. ತುಮರಿಯವರದು ತೆಗೆ ಎಂದರು. ನವೆಂಬರಿನ ಇಪ್ಪತ್ತು ಸಾವಿರ ಇತ್ತು. ಅವರ ಬಾಯಿಮಾತಿನ ಮೇಲೆ ಬರೆದುಕೊಂಡ ಜನವರಿಯ ಹದಿನೈದು ಇತ್ತು. ಹೋದ ಗುರುವಾರ ಅವರು ತಂದ ಮೂರು ಮೂಟೆ ರಾಶಿ ಅಡಿಕೆಯ ಮಾರಾಟದ ಪಟ್ಟಿ, ಅದರಲ್ಲಿ ಮುಂಗಡ ಮುರಿದುಕೊಂಡದ್ದು, ಕೈಗೆ ಕೊಟ್ಟ ಬಾಕಿ, ಎಲ್ಲವೂ ಇತ್ತು. ಅಪ್ಪಯ್ಯ ಕಾರ್ಬನ್ ಪುಸ್ತಕ ತೆಗೆದು ಬೆರಳಿಟ್ಟು ಒಂದೊಂದೇ ಸಾಲು ಓದಿದರು, ನಾನು ಪರದೆಯ ಮೇಲೆ ನೋಡುತ್ತಾ ಹೂಂ ಎನ್ನುತ್ತಾ ಹೋದೆ. ಒಂದು ಪೈಸೆ ವ್ಯತ್ಯಾಸ ಬರಲಿಲ್ಲ.

ಹಸಿರು ದಾರದ ಡಿಸ್ಕ್ ಈಗ ಮನೆಯ ದೇವರ ಕೋಣೆಯ ಬೀರುವಿನಲ್ಲಿದೆ. ಶನಿವಾರ ಅದನ್ನು ಬದಲಾಯಿಸುವ ಕೆಲಸ ಅಪ್ಪಯ್ಯ ತಾವೇ ವಹಿಸಿಕೊಂಡಿದ್ದಾರೆ.